ಕ್ರೈಸ್ತರು ಕುಡಿಯಬಹುದಾ? ಮದ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಸಭೆಯ ನಡುವೆ ಎದ್ದು ನಿಂತು ಯಾರೂ ಕೇಳುವುದಿಲ್ಲ. ಆರಾಧನೆ ಮುಗಿದು ಜನ ಚದುರಿದ ಮೇಲೆ, ಬೈಬಲನ್ನು ಕಂಕುಳಲ್ಲಿ ಇಟ್ಟುಕೊಂಡು, ದನಿ ತಗ್ಗಿಸಿ ಕೇಳುತ್ತಾರೆ. ಕೆಲವರಿಗೆ ಅದು ವಾದದ ವಿಷಯ, ಕೆಲವರಿಗೆ ಮನೆಯ ಸಂಕಟ. ವರ್ಷಗಳಿಂದ ನನ್ನ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಾನು ಕುಡಿಯುವುದಿಲ್ಲ. ಆದರೆ ಕುಡಿಯುವ ಕ್ರೈಸ್ತರನ್ನೆಲ್ಲ ಪಾಪಿಗಳು ಅನ್ನುವ ಹಕ್ಕನ್ನು ಬೈಬಲ್ ನನಗೆ ಕೊಟ್ಟಿಲ್ಲ.

ನೇರವಾಗಿ ಹೇಳಿ, ಕುಡಿಯುವುದು ಪಾಪವಾ?

ಕುಡಿದು ಅಮಲೇರುವುದು ಪಾಪ. ಇದರಲ್ಲಿ ಕ್ಯಾಥೊಲಿಕ್, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟ್ ಅಂತ ಭೇದವೇ ಇಲ್ಲ. ಒಂದು ಲೋಟ ವೈನ್ ಕುಡಿದರೆ ಪಾಪವಾ ಅಂದಾಗ ಮಾತ್ರ ಸಭೆಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. "ಅಲ್ಲ, ಆದರೆ ಮಿತಿ ಇರಲಿ" ಅನ್ನುವವರು ಒಂದು ಕಡೆ, "ಮುಟ್ಟಲೇಬೇಡ" ಅನ್ನುವವರು ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಅದೇ ಬೈಬಲ್ ಇದೆ.

ಬೈಬಲಿನ 'ದ್ರಾಕ್ಷಾರಸ' ಅಂದರೆ ಬರೀ ಹಣ್ಣಿನ ಜ್ಯೂಸ್ ಅಲ್ವಾ?

ಕನ್ನಡ ಬೈಬಲ್ ಓದುವವರಿಗೆ ಈ ಅನುಮಾನ ಬರುವುದು ಸಹಜ. ರಸ ಅಂದ ಕೂಡಲೇ ನಮಗೆ ಹಿಂಡಿದ ಹಣ್ಣು ನೆನಪಾಗುತ್ತದೆ. ಆದರೆ ಮೂಲದಲ್ಲಿರುವ ಪದಗಳು ಹೀಬ್ರೂವಿನ 'ಯಾಯಿನ್', ಗ್ರೀಕಿನ 'ಓಯಿನೊಸ್'. ಎರಡೂ ಹುಳಿ ಬಂದ, ಅಮಲೇರಿಸುವ ವೈನಿಗೆ ಜನ ದಿನಾ ಬಳಸುತ್ತಿದ್ದ ಮಾತುಗಳು. ನೋಹ ತೋಟ ಮಾಡಿ, ಕುಡಿದು, ಗುಡಾರದಲ್ಲಿ ಬೆತ್ತಲೆ ಬಿದ್ದದ್ದು ಯಾಯಿನ್‌ನಿಂದ. "ಕುಡಿದು ಮತ್ತರಾಗಬೇಡಿ" ಅಂತ ಎಫೆಸದವರಿಗೆ ಪೌಲ ಬರೆದಾಗ ಹೇಳಿದ್ದು ಓಯಿನೊಸ್ ಬಗ್ಗೆ. ಕಾನಾ ಊರಿನ ಮದುವೆಯಲ್ಲಿ ಮುಗಿದುಹೋದದ್ದೂ ಅದೇ ಓಯಿನೊಸ್. ಮನಸ್ಸಿಗೆ ಒಪ್ಪುವ ಕಡೆ ಜ್ಯೂಸ್, ಒಪ್ಪದ ಕಡೆ ವೈನ್ ಅಂತ ಓದಿಕೊಳ್ಳಲು ಆ ಪದ ಜಾಗ ಕೊಡುವುದಿಲ್ಲ.

ಇನ್ನೂ ಒಂದು ಮಾತಿದೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಯೀಸ್ಟ್ ತಾನಾಗಿಯೇ ಇರುತ್ತದೆ. ಹಣ್ಣನ್ನು ತುಳಿದು ರಸ ತೆಗೆದು ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಒಂದೆರಡು ದಿನದಲ್ಲೇ ನೊರೆ ಬರಲು ಶುರುವಾಗುತ್ತದೆ. ಯೇಸುವಿನ ನಾಡಿನಲ್ಲಿ ದ್ರಾಕ್ಷಿ ಕೊಯ್ಲು ಬೇಸಿಗೆಯ ಕೊನೆಗೆ, ಪಸ್ಕಹಬ್ಬ ಅದಾದ ಆರೇಳು ತಿಂಗಳಿಗೆ. ಫ್ರಿಜ್ ಇಲ್ಲದ ಕಾಲದಲ್ಲಿ ಅಷ್ಟು ದಿನ ರಸ ರಸವಾಗಿಯೇ ಉಳಿಯಿತು ಅನ್ನುವುದು ಕಷ್ಟ.

ಆದರೆ ಆಚೆ ಕಡೆಯವರ ಮಾತಿನಲ್ಲೂ ತಿರುಳಿದೆ. 'ತೀರೋಷ್' ಅನ್ನುವ ಇನ್ನೊಂದು ಹೀಬ್ರೂ ಪದ ಕೆಲವೊಮ್ಮೆ ಹೊಸದಾಗಿ ಹಿಂಡಿದ ರಸವನ್ನು ಸೂಚಿಸುತ್ತದೆ. ಗ್ರೀಕರೂ ರೋಮನ್ನರೂ ವೈನಿಗೆ ನೀರು ಬೆರೆಸಿ ಕುಡಿಯುತ್ತಿದ್ದರು. ಯೆಹೂದ್ಯರಲ್ಲೂ ಆ ರೂಢಿ ಇತ್ತು. ತಾನಾಗಿ ಹುಳಿ ಬರುವ ವೈನಿನಲ್ಲಿ ಆಲ್ಕೋಹಾಲ್ ಸುಮಾರು 15 ಪರ್ಸೆಂಟ್ ದಾಟುವುದೇ ಕಷ್ಟ. ನೀರು ಬೆರೆಸಿದರೆ ಇನ್ನೂ ಕಡಿಮೆ. ಇವತ್ತಿನ ವಿಸ್ಕಿ, ರಮ್, ಬ್ರಾಂದಿಯಲ್ಲಿ ಸುಮಾರು 40 ಪರ್ಸೆಂಟ್ ಇರುತ್ತದೆ. ಭಟ್ಟಿ ಇಳಿಸಿದ ಇಂಥ ಪಾನೀಯ ಬೈಬಲ್ ಕಾಲದಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. "ಯೇಸುವೇ ಕುಡಿದನಲ್ಲ" ಅಂತ ವಿಸ್ಕಿ ಬಾಟಲಿ ತೆರೆಯುವವರು ಈ ಲೆಕ್ಕವನ್ನು ಸ್ವಲ್ಪ ಯೋಚಿಸಬೇಕು.

ಯೇಸು ನಿಜವಾಗಿ ಕುಡಿದನಾ?

ಹೌದು ಅಂತಲೇ ನಾನು ಓದುತ್ತೇನೆ. ಲೂಕ 7ರಲ್ಲಿ ಅವನೇ ಹೇಳುತ್ತಾನೆ: ಸ್ನಾನಿಕನಾದ ಯೋಹಾನ ರೊಟ್ಟಿ ತಿನ್ನದೆ, ದ್ರಾಕ್ಷಾರಸ ಕುಡಿಯದೆ ಬಂದ, ಅವನಿಗೆ ದೆವ್ವ ಹಿಡಿದಿದೆ ಅಂದಿರಿ. ಮನುಷ್ಯಕುಮಾರ ತಿನ್ನುತ್ತಾ ಕುಡಿಯುತ್ತಾ ಬಂದ, ಅವನನ್ನು ಹೊಟ್ಟೆಬಾಕ, ಕುಡುಕ ಅನ್ನುತ್ತೀರಿ. ಆ ಬೈಗುಳ ಸುಳ್ಳು. ಆದರೆ ಬರೀ ನೀರು ಕುಡಿಯುವವನ ಮೇಲೆ ಅಂಥ ಬೈಗುಳ ಹುಟ್ಟುವುದೇ ಇಲ್ಲ. ಇದೇ ಮಾತಿನಲ್ಲಿ ಇಬ್ಬರು ದೇವರ ಮನುಷ್ಯರು ಪಕ್ಕಪಕ್ಕ ನಿಂತಿದ್ದಾರೆ ನೋಡಿ. ಒಬ್ಬ ಹುಟ್ಟಿನಿಂದಲೇ ಮುಟ್ಟದವನು, ಇನ್ನೊಬ್ಬ ಮೇಜಿಗೆ ಕೂತು ಕುಡಿದವನು. ಯೇಸು ಯೋಹಾನನನ್ನು ತಪ್ಪು ಅನ್ನಲಿಲ್ಲ, ತನ್ನನ್ನೂ ಬಿಟ್ಟುಕೊಡಲಿಲ್ಲ.

ಕಾನಾ ಮದುವೆಯಲ್ಲಿ ಆರು ಕಲ್ಲಿನ ಬಾನೆಗಳಿದ್ದವು. ಒಂದೊಂದಕ್ಕೂ ಎರಡು ಮೂರು ಕೊಳಗ ನೀರು ಹಿಡಿಯುತ್ತಿತ್ತು. ಆ ಅಳತೆಯನ್ನು ಈಗಿನ ಲೆಕ್ಕಕ್ಕೆ ತಂದರೆ ಒಟ್ಟು 450ರಿಂದ 700 ಲೀಟರ್ ಆಗುತ್ತದೆ. ಇದು ಸಣ್ಣ ಪವಾಡವಲ್ಲ. ಯೆಶಾಯ 25ರಲ್ಲಿ ದೇವರು ಎಲ್ಲ ಜನಾಂಗಗಳಿಗೂ ಬಡಿಸುವ ಔತಣದ ಚಿತ್ರವಿದೆ. ಅಲ್ಲಿ ಚೆನ್ನಾಗಿ ಸೋಸಿದ ಹಳೇ ದ್ರಾಕ್ಷಾರಸ ಇದೆ. ಕಾನಾ ಕಥೆಯನ್ನು ಬರೆದ ಸುವಾರ್ತೆಯ ಯೋಹಾನನಿಗೆ ಆ ಔತಣ ನೆನಪಿನಲ್ಲಿತ್ತು ಅಂತ ನನಗೆ ಅನ್ನಿಸುತ್ತದೆ. ಹಾಗಂತ ಈ ಕಥೆಯನ್ನು ಯಾವ ಪಾರ್ಟಿಗೂ ಅನುಮತಿ ಪತ್ರದಂತೆ ಹಿಡಿಯಬಾರದು.

ಇನ್ನೊಂದು ಗಳಿಗೆಯನ್ನು ನಾವು ಮರೆಯುತ್ತೇವೆ. ಶಿಲುಬೆಗೆ ಹಾಕುವ ಮುಂಚೆ ನೋವು ಮರೆಸಲು ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ಟರು. ಅವನು ತೆಗೆದುಕೊಳ್ಳಲಿಲ್ಲ. ಅದು ಮಾರ್ಕ 15ರಲ್ಲಿದೆ.

ಹಾಗಾದರೆ ಬೈಬಲ್ ಯಾವುದರ ಬಗ್ಗೆ ಅಷ್ಟೊಂದು ಎಚ್ಚರಿಸುತ್ತದೆ?

ಜ್ಞಾನೋಕ್ತಿ 23ರ ಕೊನೆಯ ಏಳು ವಚನಗಳನ್ನು ಒಮ್ಮೆ ನಿಧಾನವಾಗಿ ಓದಿ. ಕುಡಿತದ ಚಟವನ್ನು ಇಷ್ಟು ಹತ್ತಿರದಿಂದ ಕಂಡು ಬರೆದದ್ದು ಕಡಿಮೆ. ಮೊದಲು ಪ್ರಶ್ನೆಗಳು ಸಾಲಾಗಿ ಬರುತ್ತವೆ. ಯಾರಿಗೆ ಗೋಳು? ಯಾರಿಗೆ ಜಗಳ? ಕಾರಣವಿಲ್ಲದ ಗಾಯ ಯಾರಿಗೆ? ಕೆಂಪಾದ ಕಣ್ಣು ಯಾರಿಗೆ? ಆಮೇಲೆ ಲೋಟ ಕಾಣಿಸುತ್ತದೆ: ಕೆಂಪಾಗಿ ಹೊಳೆಯುತ್ತದೆ, ನುಣ್ಣಗೆ ಗಂಟಲಿಗೆ ಇಳಿಯುತ್ತದೆ. ಕೊನೆಗೆ ಹಾವಿನ ಹಾಗೆ ಕಚ್ಚುತ್ತದೆ. ಕುಡಿದವನು ನಡುಸಮುದ್ರದಲ್ಲಿ ಹಡಗಿನ ಪಟಸ್ತಂಭದ ತುದಿಯಲ್ಲಿ ಮಲಗಿದವನ ಹಾಗೆ ತೂಗುತ್ತಾನೆ. ಹೊಡೆದರೂ ನೋವಾಗಲಿಲ್ಲ, ಬಡಿದರೂ ಗೊತ್ತಾಗಲಿಲ್ಲ ಅನ್ನುತ್ತಾನೆ. ಕಟ್ಟಕಡೆಯ ಮಾತು ಅವನದೇ: ನಾನು ಯಾವಾಗ ಏಳುತ್ತೇನೆ? ಎದ್ದು ಮತ್ತೆ ಅದನ್ನೇ ಹುಡುಕುತ್ತೇನೆ.

ಆ ಕೊನೆಯ ಸಾಲು ಓದಿದಾಗಲೆಲ್ಲ ನನಗೆ ಎದೆ ಹಿಂಡುತ್ತದೆ. ಇಷ್ಟೆಲ್ಲ ಆದ ಮೇಲೂ ಅವನ ಬಾಯಲ್ಲಿ ಬರುವುದು 'ಮತ್ತೆ' ಅನ್ನುವ ಮಾತು.

ಬೇರೆ ಕಡೆಯೂ ಎಚ್ಚರಿಕೆಗಳಿವೆ. ಯಾಜಕರು ದೇವದರ್ಶನದ ಗುಡಾರದೊಳಗೆ ಹೋಗುವಾಗ ಕುಡಿದಿರಬಾರದು. ಅರಸರು ಕುಡಿದು ದಿಕ್ಕಿಲ್ಲದವರ ನ್ಯಾಯ ಕೆಡಿಸಬಾರದು. ಸಭೆಯ ಮೇಲ್ವಿಚಾರಕ ಕುಡುಕನಾಗಿರಬಾರದು. ಬೆಳಗ್ಗೆ ಎದ್ದ ಕೂಡಲೇ ಮದ್ಯ ಹುಡುಕುವವರಿಗೆ ಯೆಶಾಯ "ಅಯ್ಯೋ" ಅನ್ನುತ್ತಾನೆ. ಇವುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಎಳೆ ಕಾಣುತ್ತದೆ. ಬೇರೆಯವರ ಬದುಕು ಯಾರ ಕೈಯಲ್ಲಿದೆಯೋ ಅವರಿಗೆ ನಿಯಮ ಜಾಸ್ತಿ ಬಿಗಿ.

ಇದೇ ಬೈಬಲಿನ 104ನೇ ಕೀರ್ತನೆ, ಮನುಷ್ಯನ ಹೃದಯವನ್ನು ಸಂತೋಷಪಡಿಸುವ ದ್ರಾಕ್ಷಾರಸ ದೇವರು ಕೊಟ್ಟದ್ದು ಅನ್ನುತ್ತದೆ. ಎರಡನ್ನೂ ಅಳಿಸದೆ ಓದಬೇಕು.

ಎಷ್ಟು ಕುಡಿದರೆ 'ಅಮಲು'?

ಮಿಲಿಲೀಟರ್ ಲೆಕ್ಕ ಬೈಬಲಿನಲ್ಲಿ ಇಲ್ಲ. ಹೋಶೇಯ ಪ್ರವಾದಿ ಮದ್ಯ ಬುದ್ಧಿಯನ್ನು ಕೆಡಿಸುತ್ತದೆ ಅನ್ನುತ್ತಾನೆ, ಅದೇ ಗುರುತು. ನಾಲಿಗೆ ಸಡಿಲವಾಗಿ ಹೇಳಬಾರದ್ದು ಹೊರಬಂದರೆ, ಮಕ್ಕಳು ನಿಮ್ಮ ಮುಖ ನೋಡಿ ಪಕ್ಕಕ್ಕೆ ಸರಿದರೆ, ಗೆರೆ ಆಗಲೇ ದಾಟಿದೆ. ಕುಡಿದು ಗಾಡಿ ಓಡಿಸಿ ಬೇರೆಯವರ ಜೀವವನ್ನು ಅಪಾಯಕ್ಕೆ ಒಡ್ಡುವುದು ಗಂಭೀರ ತಪ್ಪು ಅಂತ ಕ್ಯಾಥೊಲಿಕ್ ಧರ್ಮೋಪದೇಶ ಬಿಡಿಸಿ ಹೇಳುತ್ತದೆ.

ಪೌಲನೇ ತಿಮೊಥೆಯನಿಗೆ ಕುಡಿ ಅಂದನಲ್ಲ?

ಅಂದ. ಹೊಟ್ಟೆಯ ತೊಂದರೆಗಾಗಿ, ಸ್ವಲ್ಪ. ಅಂದರೆ ತಿಮೊಥೆಯ ಅಲ್ಲಿಯವರೆಗೆ ಬರೀ ನೀರು ಕುಡಿಯುತ್ತಿದ್ದ ಅಂತಾಯಿತು ಅಲ್ವಾ? ಆಗ ದ್ರಾಕ್ಷಾರಸ ಔಷಧವೂ ಆಗಿತ್ತು. ಒಳ್ಳೆಯ ಸಮಾರ್ಯದವನು ಗಾಯಕ್ಕೆ ಹೊಯ್ದದ್ದೂ ಎಣ್ಣೆ ಮತ್ತು ದ್ರಾಕ್ಷಾರಸವನ್ನೇ. ಈಗ ಹೊಟ್ಟೆನೋವಿಗೆ ಬೇರೆ ಔಷಧಗಳಿವೆ. ಆಲ್ಕೋಹಾಲ್ ಕ್ಯಾನ್ಸರಿಗೆ ಕಾರಣ ಅನ್ನುವುದು ಖಚಿತವಾಗಿದೆ. ಇಷ್ಟು ಕುಡಿದರೆ ಆರೋಗ್ಯಕ್ಕೆ ಏನೂ ಆಗುವುದಿಲ್ಲ ಅನ್ನುವಂಥ ಸುರಕ್ಷಿತ ಪ್ರಮಾಣ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಪೌಲ ಬರೆದದ್ದು ತಿಮೊಥೆಯನ ಆರೋಗ್ಯದ ಕಾಳಜಿಯಿಂದ. ಅದೇ ಕಾಳಜಿಯಿಂದ ಇವತ್ತು ಯಾರಾದರೂ "ಬೇಡ" ಅಂದರೆ ಅವರು ಪೌಲನಿಗೆ ಎದುರಾಡಿದ ಹಾಗಲ್ಲ.

ಯಾವ ಸಭೆ ಏನು ಹೇಳುತ್ತದೆ?

ಕ್ಯಾಥೊಲಿಕ್ ಸಭೆ ಮಿತಿಯನ್ನು ಕಲಿಸುತ್ತದೆ, ನಿಷೇಧವನ್ನಲ್ಲ. ಆರ್ಥೊಡಾಕ್ಸ್ ಸಭೆಗಳೂ ಹಾಗೆಯೇ. ಆದರೆ ಅವರ ಉಪವಾಸದ ಕ್ಯಾಲೆಂಡರಿನಲ್ಲಿ ವೈನ್ ಬಿಡಬೇಕಾದ ದಿನಗಳು ಬಹಳ ಇವೆ, ಯಾವ ದಿನ ಸಡಿಲ ಅಂತಲೂ ಗುರುತು ಇರುತ್ತದೆ. ಲುಥೆರನ್, ಆಂಗ್ಲಿಕನ್, ರಿಫಾರ್ಮ್ಡ್ ಸಭೆಗಳಲ್ಲಿ ಹೆಚ್ಚಾಗಿ ಮಿತಿಯ ಮಾತೇ. ಮಾರ್ಟಿನ್ ಲೂಥರನ ಮನೆಯಲ್ಲಿ ಬೀಯರ್ ತಯಾರಿಸುತ್ತಿದ್ದದ್ದು ಅವನ ಹೆಂಡತಿ ಕ್ಯಾಥರೀನಾ.

ಸಾಲ್ವೇಷನ್ ಆರ್ಮಿ ಅನ್ನುವ ಸಭೆಯಲ್ಲಿ 'ಸೈನಿಕರು', ಅಂದರೆ ಪೂರ್ಣ ಸದಸ್ಯರಾಗಿ ಸೇರುವವರು ಮದ್ಯ ಮುಟ್ಟುವುದಿಲ್ಲ ಅಂತ ಸಹಿ ಹಾಕುತ್ತಾರೆ. ಸೆವೆಂತ್ ಡೇ ಅಡ್ವೆಂಟಿಸ್ಟರು ಪೂರ್ತಿ ದೂರ. ಪೆಂತೆಕೊಸ್ತ್ ಸಭೆಗಳಲ್ಲಿ ಬಹಳಷ್ಟು ಹಾಗೆಯೇ ಕಲಿಸುತ್ತವೆ. ಬ್ಯಾಪ್ಟಿಸ್ಟರಲ್ಲಿ ಎರಡೂ ಬಗೆಯವರು ಇದ್ದಾರೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 2006ರಲ್ಲಿ ಮದ್ಯವನ್ನು ಪೂರ್ತಿ ವಿರೋಧಿಸುವ ನಿರ್ಣಯ ಮಾಡಿತು.

ನಿಮ್ಮ ಸಭೆಗೆ ಒಂದು ನಿಯಮ ಇದ್ದು, ನೀವು ಅದಕ್ಕೆ ಮಾತು ಕೊಟ್ಟಿದ್ದರೆ ಮಾತು ಉಳಿಸಿಕೊಳ್ಳಿ. ಯೆರೆಮೀಯ 35ರಲ್ಲಿ ರೇಕಾಬ್ಯರು ಅನ್ನುವ ಮನೆತನದ ಮುಂದೆ ಪ್ರವಾದಿಯೇ ದ್ರಾಕ್ಷಾರಸದ ಪಾತ್ರೆಗಳನ್ನು ಇಟ್ಟು ಕುಡಿಯಿರಿ ಅಂದ. ಅವರು ಒಲ್ಲೆ ಅಂದರು, ಪೂರ್ವಿಕನಿಗೆ ಕೊಟ್ಟ ಮಾತಿಗಾಗಿ. ದೇವರು ಅವರನ್ನು ಮೆಚ್ಚಿಕೊಂಡ.

'ಪೂರ್ತಿ ಬಿಡಬೇಕು' ಅನ್ನುವ ಮಾತು ಯಾವಾಗ ಶುರುವಾಯಿತು?

ಬಿಟ್ಟವರು ಮೊದಲಿನಿಂದಲೂ ಇದ್ದರು. ಹಳೇ ಒಡಂಬಡಿಕೆಯಲ್ಲಿ ದೇವರಿಗೆ ಹರಕೆ ಹೊತ್ತ ನಾಜೀರರು ವ್ರತದ ದಿನಗಳಲ್ಲಿ ದ್ರಾಕ್ಷಿಯ ಸಿಪ್ಪೆಯನ್ನೂ ಮುಟ್ಟುತ್ತಿರಲಿಲ್ಲ. ಎರಡನೇ ಶತಮಾನದ ಕೊನೆಯ ಹೊತ್ತಿಗೆ ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಹುಡುಗರೂ ಹುಡುಗಿಯರೂ ಇದರಿಂದ ದೂರ ಇರಲಿ ಅಂತ ಬರೆದ. ನಾಲ್ಕನೇ ಶತಮಾನದಲ್ಲಿ ಜಾನ್ ಕ್ರಿಸೊಸ್ತೊಮ್ ಬೇರೆ ತುದಿಯವರನ್ನು ತಿದ್ದಿದ: ದ್ರಾಕ್ಷಾರಸ ದೇವರದ್ದು, ಕುಡುಕತನ ಸೈತಾನನದ್ದು, ಒಂದಕ್ಕಾಗಿ ಇನ್ನೊಂದನ್ನು ಬೈಯಬೇಡಿ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದ ನಿಯಮದಲ್ಲಿ ದಿನಕ್ಕೆ ಒಂದು 'ಹೆಮಿನಾ' (ಹಳೇ ರೋಮನ್ ಅಳತೆ, ಸುಮಾರು ಕಾಲು ಲೀಟರ್) ವೈನ್ ಸಾಕು ಅಂದ. ಸನ್ಯಾಸಿಗಳಿಗೆ ವೈನ್ ತಕ್ಕದ್ದಲ್ಲ ಅಂತ ಓದಿದ್ದೇವೆ, ಈ ಕಾಲದವರನ್ನು ಒಪ್ಪಿಸುವುದು ಆಗದು, ಹೊಟ್ಟೆ ತುಂಬ ಕುಡಿಯದಿದ್ದರೆ ಸಾಕು ಅನ್ನುವುದು ಅವನ ಮಾತಿನ ಸಾರ. ಬಿಡುವ ಶಕ್ತಿ ಇದ್ದವರಿಗೆ ಅದರ ಫಲ ಇದೆ ಅಂತಲೂ ಸೇರಿಸಿದ.

ಎಲ್ಲರೂ ಬಿಡಬೇಕು ಅನ್ನುವ ದೊಡ್ಡ ಚಳವಳಿ ಮಾತ್ರ ಹೊಸದು. 18ನೇ ಶತಮಾನದ ಲಂಡನ್ನಿನಲ್ಲಿ ಅಗ್ಗದ ಜಿನ್ ಬಡವರ ಮನೆಗಳನ್ನು ನುಂಗುತ್ತಿತ್ತು. ಮೆಥೊಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ 1743ರಲ್ಲಿ ತನ್ನ ಸಂಘಗಳಿಗೆ ಬರೆದ ನಿಯಮಗಳಲ್ಲಿ ಭಟ್ಟಿ ಮದ್ಯ ಮಾರುವುದು, ಕೊಳ್ಳುವುದು, ಕುಡಿಯುವುದನ್ನು ತಡೆದ. ತೀರಾ ಅಗತ್ಯವಿದ್ದಾಗ ಮಾತ್ರ ವಿನಾಯಿತಿ. ಅವನು ಹೇಳಿದ್ದು ಭಟ್ಟಿ ಮದ್ಯದ ಬಗ್ಗೆ, ವೈನ್ ಬಗ್ಗೆ ಅಲ್ಲ. 1832ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ನಿನಲ್ಲಿ ಜೋಸೆಫ್ ಲೈವ್ಸಿ ಮತ್ತು ಜೊತೆಗಾರರು ಬೀಯರ್, ವೈನ್ ಎಲ್ಲವನ್ನೂ ಬಿಡುವ ಪ್ರತಿಜ್ಞೆಗೆ ಸಹಿ ಹಾಕಿದರು. 1838ರಲ್ಲಿ ಐರ್ಲೆಂಡಿನ ಕಾರ್ಕ್ ಊರಿನಲ್ಲಿ ಕ್ಯಾಥೊಲಿಕ್ ಫಾದರ್ ಥಿಯೊಬಾಲ್ಡ್ ಮ್ಯಾಥ್ಯೂ ಅದೇ ಪ್ರತಿಜ್ಞೆ ಶುರು ಮಾಡಿದರು, ಲಕ್ಷಾಂತರ ಜನ ಬಂದರು. ಅಮೆರಿಕದಲ್ಲಿ 1874ರಲ್ಲಿ ಕ್ರೈಸ್ತ ಮಹಿಳೆಯರು ತಮ್ಮದೇ ಸಂಘ ಕಟ್ಟಿದರು. ಕುಡಿದು ಬಂದ ಗಂಡನ ಏಟು ತಿಂದ ಹೆಂಗಸಿಗೆ ಆಗ ಕಾನೂನಿನ ರಕ್ಷಣೆ ಬಹಳ ಕಡಿಮೆ, ಅವಳಿಗೆ ಮತದಾನದ ಹಕ್ಕೂ ಇರಲಿಲ್ಲ. ಇದು ನೆನಪಿದ್ದರೆ ಆ ಹೆಂಗಸರ ಹಟ ಅರ್ಥವಾಗುತ್ತದೆ. 1920ರಿಂದ 1933ರವರೆಗೆ ಅಮೆರಿಕ ಮದ್ಯವನ್ನು ನಿಷೇಧಿಸಿತು. ಆಗಲೂ ಆರಾಧನೆಯ ವೈನಿಗೆ ವಿನಾಯಿತಿ ಇತ್ತು. ಕಾನೂನು ಬಿದ್ದುಹೋಯಿತು. ಆದರೆ ಆ ಹೆಂಗಸರು ಕೇಳಿದ್ದು ತಪ್ಪಾಗಿತ್ತು ಅಂತ ನಾನು ಹೇಳಲಾರೆ.

ಕರ್ತನ ಭೋಜನದಲ್ಲಿ ವೈನ್ ಇರಬೇಕಾ, ಜ್ಯೂಸ್ ಸಾಕಾ?

ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ದ್ರಾಕ್ಷಿಯಿಂದಲೇ ಮಾಡಿದ ನಿಜವಾದ ವೈನ್ ಬೇಕು. ಮೂರನೇ ಶತಮಾನದಲ್ಲಿ ಕೆಲವರು ಬರೀ ನೀರಿಟ್ಟು ಆಚರಿಸಿದಾಗ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಒಂದು ಉದ್ದ ಪತ್ರ ಬರೆದು ತಿದ್ದಿದ. ಕೊರಿಂಥದಲ್ಲಿ ಕೆಲವರು ಭೋಜನದಲ್ಲೇ ಕುಡಿದು ಅಮಲೇರಿದ್ದನ್ನು ಪೌಲ ಗದರಿಸುತ್ತಾನೆ. ಅಲ್ಲಿದ್ದದ್ದು ಜ್ಯೂಸ್ ಅಲ್ಲ ಅಂತ ಅದರಿಂದಲೇ ಗೊತ್ತಾಗುತ್ತದೆ.

ಜ್ಯೂಸ್ ಬಂದದ್ದು 1869ರಲ್ಲಿ. ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಥಾಮಸ್ ಬ್ರಾಮ್ವೆಲ್ ವೆಲ್ಚ್ ಅನ್ನುವ ಹಲ್ಲಿನ ಡಾಕ್ಟರ್ ಇದ್ದರು. ಮೆಥೊಡಿಸ್ಟ್ ವಿಶ್ವಾಸಿ. ಫ್ರಾನ್ಸಿನ ಲೂಯಿ ಪಾಶ್ಚರ್ ಕಂಡುಕೊಂಡಿದ್ದ ಬಿಸಿ ಮಾಡುವ ವಿಧಾನವನ್ನು ಅವರು ದ್ರಾಕ್ಷಿ ರಸಕ್ಕೆ ಬಳಸಿದರು. ಯೀಸ್ಟ್ ಸತ್ತಿತು, ರಸ ಬಾಟಲಿಯಲ್ಲಿ ರಸವಾಗಿಯೇ ಉಳಿಯಿತು. ನಿಧಾನವಾಗಿ ಮೆಥೊಡಿಸ್ಟ್, ಬ್ಯಾಪ್ಟಿಸ್ಟ್ ಮತ್ತು ಇನ್ನೂ ಹಲವು ಸಭೆಗಳ ಮೇಜಿಗೆ ಅದು ಬಂತು.

ನನಗೆ ಇದು ಬರೀ ವಾದದ ವಿಷಯವಾಗಿತ್ತು, ಒಂದು ಭಾನುವಾರದವರೆಗೆ. ಪಕ್ಕದಲ್ಲಿ ಕೂತಿದ್ದವರು ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ನಮ್ಮಲ್ಲಿ ಆಗ ಒಂದೇ ಪಾತ್ರೆ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತಿತ್ತು, ಅದರಲ್ಲಿ ವೈನ್. ಅವರ ಕೈಗೆ ಬಂತು. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದರು. ತುಟಿಯ ಹತ್ತಿರ ತಂದರು, ನಿಲ್ಲಿಸಿದರು, ಹಾಗೆಯೇ ನನ್ನ ಕೈಗೆ ದಾಟಿಸಿದರು. ಪಾತ್ರೆ ನಡುಗುತ್ತಿತ್ತು. ಹೊರಗೆ ಬಂದ ಮೇಲೆ, "ವಾಸನೆ ಬಂದ ತಕ್ಷಣ ಬೇರೇನೂ ನೆನಪಿಗೆ ಬರಲಿಲ್ಲ, ಕರ್ತನೂ ಬರಲಿಲ್ಲ" ಅಂದರು. ಹಿರಿಯರೊಬ್ಬರಿಗೆ ಹೇಳಿದೆ. "ನಂಬಿಕೆ ಇದ್ದರೆ ಒಂದು ಗುಟುಕು ಏನೂ ಮಾಡಲ್ಲ" ಅಂದುಬಿಟ್ಟರು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ಕೆಲವು ತಿಂಗಳಾದ ಮೇಲೆ ಎರಡನೇ ತಟ್ಟೆಯೊಂದು ಬಂತು, ಸಣ್ಣ ಲೋಟಗಳಲ್ಲಿ ಜ್ಯೂಸ್. ಯಾರು ಯಾವುದನ್ನು ತೆಗೆದುಕೊಂಡರು ಅಂತ ಈಗ ಯಾರೂ ನೋಡುವುದಿಲ್ಲ.

ವೈನೇ ಬೇಕು ಅನ್ನುವ ಸಭೆಗಳಲ್ಲೂ ದಾರಿ ಇದೆ. ಕ್ಯಾಥೊಲಿಕ್ ನಂಬಿಕೆಯ ಪ್ರಕಾರ ರೊಟ್ಟಿಯ ರೂಪದಲ್ಲೇ ಕ್ರಿಸ್ತನು ಪೂರ್ತಿಯಾಗಿ ಇದ್ದಾನೆ. ಪಾತ್ರೆ ಮುಟ್ಟದವರಿಗೆ ಏನೂ ಕಡಿಮೆಯಾಗುವುದಿಲ್ಲ. ಕುಡಿತದ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಫಾದರ್‌ಗಳಿಗೆ 'ಮುಸ್ತುಮ್' ಅನ್ನುವ ದ್ರಾಕ್ಷಿ ರಸ ಬಳಸಲು ಬಿಷಪ್ ಅನುಮತಿ ಕೊಡಬಹುದು. ಅದರಲ್ಲಿ ಆಲ್ಕೋಹಾಲ್ ಇಲ್ಲವೆನ್ನುವಷ್ಟು ಕಡಿಮೆ.

ನನಗೆ ಮಿತಿ ಗೊತ್ತು. ಬೇರೆಯವರಿಗಾಗಿ ನಾನೇಕೆ ಬಿಡಬೇಕು?

ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಇದಕ್ಕೇ ಬರೆದ ಹಾಗಿದೆ. ಪೌಲ ಎರಡೂ ಕಡೆಯವರಿಗೆ ಹೇಳುತ್ತಾನೆ. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು. ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು. ಆಮೇಲೆ ಮಾಂಸವಾಗಲಿ ದ್ರಾಕ್ಷಾರಸವಾಗಲಿ, ನಿನ್ನ ಸಹೋದರ ಎಡವುವುದಾದರೆ ಬಿಡುವುದು ಒಳ್ಳೆಯದು ಅನ್ನುತ್ತಾನೆ.

ನಾನು ಬಿಟ್ಟದ್ದು ಈ ವಚನದಿಂದ. ಮುಂಚೆ ಅಪರೂಪಕ್ಕೆ ಒಂದು ಲೋಟ ಕುಡಿಯುತ್ತಿದ್ದೆ, ಅದು ಪಾಪ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಆ ಭಾನುವಾರದ ನಂತರ ನನ್ನ ಮೇಜಿಗೆ ಯಾರು ಬಂದು ಕೂರುತ್ತಾರೆ ಅನ್ನುವುದು ದೊಡ್ಡದಾಯಿತು. ನಿಮಗೂ ಹೀಗೇ ಆಗಬೇಕು ಅಂತಿಲ್ಲ. ಆದರೆ ಒಂದು ಪರೀಕ್ಷೆ ಮಾಡಿ ನೋಡಿ. ಒಬ್ಬರಿಗಾಗಿ ಒಂದು ಸಂಜೆ ಬಿಡುವುದು ಕೂಡ ಕಷ್ಟ ಅನ್ನಿಸಿದರೆ, ಮಿತಿ ಗೊತ್ತು ಅನ್ನುವ ಮಾತನ್ನು ಮತ್ತೊಮ್ಮೆ ಯೋಚಿಸಬೇಕು.

ಯಾರಾದರೂ ಬೇಡ ಅಂದರೆ ಯಾಕೆ ಅಂತ ಕೇಳಬೇಡಿ. ಸುಮ್ನೆ ನೀರು ಕೊಡಿ.

ಕೆಮ್ಮಿನ ಸಿರಪ್ಪಿನಲ್ಲಿ ಆಲ್ಕೋಹಾಲ್ ಇರುತ್ತದೆ. ಅದೂ ತಪ್ಪಾ?

ಅಲ್ಲ. ಕುಡಿತ ಬಿಟ್ಟವರು ಮಾತ್ರ ಡಾಕ್ಟರಿಗೆ ಹೇಳಿ ಆಲ್ಕೋಹಾಲ್ ಇಲ್ಲದ್ದನ್ನು ಕೇಳುವುದು ಒಳ್ಳೆಯದು.

ಮದ್ಯ ಮಾರುವ ಕೆಲಸ ಕ್ರೈಸ್ತರು ಮಾಡಬಹುದಾ?

ಬೆಲ್ಜಿಯಮ್ಮಿನ ಟ್ರ್ಯಾಪಿಸ್ಟ್ ಸನ್ಯಾಸಿಗಳು ಮಠದ ಗೋಡೆಯೊಳಗೆ ಬೀಯರ್ ತಯಾರಿಸಿ ಮಾರುತ್ತಾರೆ. ಆ ಹಣ ಮಠದ ಖರ್ಚಿಗೆ ಮತ್ತು ದಾನಕ್ಕೆ ಹೋಗುತ್ತದೆ. ವೆಸ್ಲಿಯ ಮಾತು ತೀರಾ ಬೇರೆ. ಹಣದ ಬಳಕೆಯ ಬಗ್ಗೆ ಮಾಡಿದ ಪ್ರಸಂಗದಲ್ಲಿ, ಭಟ್ಟಿ ಮದ್ಯ ಮಾರುವವರನ್ನು ಜನರಿಗೆ ವಿಷ ಹಾಕುವವರು ಅಂತಲೇ ಕರೆದ. ಹಬಕ್ಕೂಕ ಪ್ರವಾದಿ, ನೆರೆಯವನಿಗೆ ಕುಡಿಸಿ ಅವನ ಮಾನ ಕಳೆಯುವವನಿಗೆ "ಅಯ್ಯೋ" ಅನ್ನುತ್ತಾನೆ. ಬೇರೆ ಕೆಲಸ ಸಿಗದೆ ಬಾರಿನಲ್ಲಿ ದುಡಿಯುವ ಹುಡುಗನ ಮೇಲೆ ನಾನು ಈ ವಚನ ಎಸೆಯಲಾರೆ. ಆದರೆ ಒಬ್ಬನು ಕೂಲಿಯನ್ನೆಲ್ಲ ಸುರಿಯುತ್ತಿದ್ದಾನೆ ಅಂತ ಗೊತ್ತಿದ್ದೂ ಲೋಟ ತುಂಬಿಸಿ ಲಾಭ ಎಣಿಸುವವನು ಈ ಮಾತು ಕೇಳಲೇಬೇಕು.

ನನಗೆ ಬಿಡಲು ಆಗುತ್ತಿಲ್ಲ. ಕುಡುಕರು ದೇವರ ರಾಜ್ಯಕ್ಕೆ ಸೇರುವುದಿಲ್ಲ ಅಂತ ಇದೆಯಲ್ಲ, ನನ್ನ ಗತಿ ಏನು?

ಆ ವಚನ 1 ಕೊರಿಂಥ 6ರಲ್ಲಿದೆ. ಅಲ್ಲಿಗೇ ನಿಲ್ಲಬೇಡಿ, ಮುಂದಿನ ವಚನ ಓದಿ: ನಿಮ್ಮಲ್ಲಿ ಕೆಲವರು ಅಂಥವರಾಗಿದ್ದಿರಿ, ಆದರೆ ತೊಳೆದುಕೊಂಡಿರಿ. ಪೌಲ ಇದನ್ನು ಬರೆದದ್ದು ಸಭೆಯೊಳಗೆ ಕೂತವರಿಗೆ. ಹಳೆಯ ಕುಡುಕರು ಆ ಸಭೆಯಲ್ಲಿ ಸದಸ್ಯರಾಗಿದ್ದರು.

ಕುಡಿತದ ಚಟ ಕಾಯಿಲೆಯೂ ಹೌದು. ಮೆದುಳು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಇಲ್ಲಿ ಒಂದು ಮಾತು ದಯವಿಟ್ಟು ಗಮನವಿಟ್ಟು ಓದಿ. ದಿನಾ ಜಾಸ್ತಿ ಕುಡಿಯುವವರು ಪ್ರಾರ್ಥನೆ ಮಾಡಿ ಒಂದೇ ಸಲಕ್ಕೆ ನಿಲ್ಲಿಸಿದರೆ ಮೊದಲ ಕೆಲವು ದಿನ ಜೀವಕ್ಕೇ ಅಪಾಯ ಇರಬಹುದು. ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣಿಸುವುದು, ದಿಕ್ಕು ತಪ್ಪಿ ಮಾತಾಡುವುದು ಇದರ ಲಕ್ಷಣ. ಡಾಕ್ಟರ ಹತ್ತಿರ ಹೋಗಿ ನಿಲ್ಲಿಸಿ. ಅದಕ್ಕೆ ಔಷಧಗಳಿವೆ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆಯಾಯಿತು ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ಒಬ್ಬರೇ ಇರಬೇಡಿ. ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಕಥೆ ಹೇಳಿಕೊಂಡದ್ದರಿಂದ ಶುರುವಾಯಿತು. ಅದರ ಹನ್ನೆರಡು ಮೆಟ್ಟಿಲುಗಳು ಆಕ್ಸ್‌ಫರ್ಡ್ ಗ್ರೂಪ್ ಅನ್ನುವ ಕ್ರೈಸ್ತ ಕೂಟದಿಂದ ಬಹಳ ಕಲಿತಿವೆ. ಈಗ ಅದು ಎಲ್ಲ ಧರ್ಮದವರಿಗೂ ತೆರೆದಿದೆ.

ನನ್ನ ಗಂಡ ಕುಡಿದು ಹೊಡೆಯುತ್ತಾರೆ. ಕ್ಷಮಿಸಿ ಸಹಿಸಿಕೋ ಅನ್ನುತ್ತಾರೆ ಸಭೆಯವರು.

ಕ್ಷಮಿಸುವುದು ಅಂದರೆ ಏಟಿಗೆ ಮುಖ ಒಡ್ಡಿ ಕೂರುವುದಲ್ಲ. ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಿ. ದಾವೀದನು ತನ್ನ ಮೇಲೆ ಈಟಿ ಎಸೆದ ಸೌಲನಿಂದ ತಪ್ಪಿಸಿಕೊಂಡು ಓಡಿದ. ಸೌಲನ ಮೇಲೆ ಅವನಿಗೆ ದ್ವೇಷ ಇರಲಿಲ್ಲ. ಪೊಲೀಸರ ಸಹಾಯ ಕೇಳುವುದು ಅವಿಶ್ವಾಸವಲ್ಲ. ಗಂಡನ ಕುಡಿತವನ್ನು ಮುಚ್ಚಿಡುವುದು, ಅವರ ಪರವಾಗಿ ಸುಳ್ಳು ಹೇಳುವುದು, ಸಾಲ ತೀರಿಸುವುದು ನಿಮ್ಮ ಕರ್ತವ್ಯ ಅಂತ ಬೈಬಲ್ ಎಲ್ಲೂ ಹೇಳಿಲ್ಲ. ಕುಡಿಯುವವರ ಮನೆಯವರಿಗಾಗಿಯೇ 1951ರಲ್ಲಿ ಅಲ್-ಅನಾನ್ ಕೂಟಗಳು ಶುರುವಾದವು. ಅಲ್ಲಿ ನಿಮ್ಮ ಕಥೆ ಕೇಳಿ ಯಾರೂ ಬೆರಗಾಗುವುದಿಲ್ಲ.

ಬಿಟ್ಟಿದ್ದವರು ಮತ್ತೆ ಕುಡಿದರೆ, ಪಶ್ಚಾತ್ತಾಪ ಸುಳ್ಳಾಗಿತ್ತಾ?

ಅಲ್ಲ. ಮತ್ತೆ ಜಾರುವುದು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ. ಜೀವನವಿಡೀ ಮುಟ್ಟಲ್ಲ ಅಂತ ಸಭೆಯ ಮುಂದೆ ಪ್ರಮಾಣ ಮಾಡಿಸಿ, ಜಾರಿದ ದಿನ ಮುಖ ತಿರುಗಿಸುವುದನ್ನು ನಾನು ಕಂಡಿದ್ದೇನೆ. ಅದು ನನಗೆ ಒಪ್ಪಿಗೆಯಿಲ್ಲ.

ಡಬ್ಲಿನ್ನಿನ ಮ್ಯಾಟ್ ಟಾಲ್ಬಟ್ ಹನ್ನೆರಡನೇ ವಯಸ್ಸಿಗೆ ವೈನ್ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿ ಅಲ್ಲೇ ಕುಡಿತ ಕಲಿತವನು. ಕೂಲಿಯನ್ನೆಲ್ಲ ಕುಡಿದು ಮುಗಿಸುತ್ತಿದ್ದ. 1884ರಲ್ಲಿ, 28ನೇ ವಯಸ್ಸಿನಲ್ಲಿ, ಕೈಯಲ್ಲಿ ಕಾಸಿಲ್ಲದೆ ಬಾರಿನ ಹೊರಗೆ ನಿಂತಿದ್ದಾಗ ಗೆಳೆಯರು ಯಾರೂ ಒಳಗೆ ಕರೆಯಲಿಲ್ಲ. ಮನೆಗೆ ಬಂದು ಪ್ರತಿಜ್ಞೆ ಮಾಡುತ್ತೇನೆ ಅಂದ. ಫಾದರ್ ಹತ್ತಿರ ಹೋಗಿ ಮಾಡಿದ್ದು ಮೂರೇ ತಿಂಗಳಿಗೆ. ಆ ಮೂರು ತಿಂಗಳು ನರಕದ ಹಾಗಿತ್ತು. ಮುಗಿದ ಮೇಲೆ ಆರು ತಿಂಗಳಿಗೆ ಮಾಡಿದ. ಆಮೇಲೆ ಜೀವನಪೂರ್ತಿ. ದಾರಿಯಲ್ಲಿ ಬಾರ್ ಸಿಕ್ಕರೆ ಒಳಗೆ ಹೋಗಲು ಆಗದಿರಲಿ ಅಂತ ಜೇಬಿನಲ್ಲಿ ಹಣ ಇಟ್ಟುಕೊಳ್ಳುವುದನ್ನೇ ಬಿಟ್ಟ. 1925ರಲ್ಲಿ ಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಸತ್ತಾಗ ಅವನು ಕುಡಿತ ಬಿಟ್ಟು 41 ವರ್ಷವಾಗಿತ್ತು.

ನಮ್ಮ ಸಭೆಯಲ್ಲಿ ಯಾರಾದರೂ ಬಿಡುತ್ತೇನೆ ಅಂತ ಬಂದರೆ ಈಗ ಮೂರು ತಿಂಗಳ ಮಾತನ್ನೂ ಕೇಳುವುದಿಲ್ಲ. ಇವತ್ತು ರಾತ್ರಿ ಯಾರ ಮನೆಯಲ್ಲಿ ಇರುತ್ತೀರಿ, ನಾಳೆ ಡಾಕ್ಟರ ಹತ್ತಿರ ಜೊತೆಗೆ ಯಾರು ಬರಬೇಕು ಅಂತ ಕೇಳುತ್ತೇವೆ.